ಹತ್ತು ತಿಂಗಳಲ್ಲಿ ನರ್ಸಿಂಗ್ ಕೋರ್ಸ್: ಅಲ್ಲಿಯವರೆಗೆ ಯಾವುದಕ್ಕೆ ಕೈಹಾಕಲಿ?

ಲೆಕ್ಕದವ:
ಲೆಕ್ಕಪತ್ರದ ಕೆಲಸ ಬಿಟ್ಟು ನರ್ಸಿಂಗ್‌ಗೆ ಹೋಗುವುದು ಖಚಿತ. ಕೋರ್ಸ್ ಶುರುವಾಗಲು ಇನ್ನೂ ಹತ್ತು ತಿಂಗಳಿದೆ. ವಿಜ್ಞಾನ ಶಾಲೆಯ ಜೊತೆಗೇ ಬಿಟ್ಟುಹೋದದ್ದು, ಹಾಗಾಗಿ ದಪ್ಪನೆಯ ಅನಾಟಮಿ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಿದ್ದೇನೆ. ಮಣಿಕಟ್ಟಿನ ಎಂಟು ಮೂಳೆಗಳ ಹತ್ತಿರ ಗಾಡಿ ನಿಂತಿದೆ. ಇದೇ ದಾರಿಯೇ, ಅಥವಾ ಮೊದಲು ಮಾಡಬೇಕಾದ್ದು ಬೇರೆ ಇದೆಯೇ? ಸಂಜೆ ಒಂದು ಗಂಟೆ, ವಾರಾಂತ್ಯದಲ್ಲಿ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ.

ವಾರ್ಡ್‌ಮೂಲೆ:
ಪುಸ್ತಕ ಮುಚ್ಚಿಡಿ. ರಾತ್ರಿಯೆಲ್ಲ ಕೂತು ಮುಗಿಸಲಾಗದ ಕೆಲಸ ಒಂದಿದೆ, ಲಸಿಕೆ. ಅದನ್ನು ಈ ವಾರವೇ ಹಿಡಿಯಿರಿ.

ಹೆಪಟೈಟಿಸ್ ಬಿ ಸಾಮಾನ್ಯವಾಗಿ ಮೂರು ಡೋಸ್: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಕೊನೆಯ ಡೋಸ್ ಆಗಿ ಒಂದರಿಂದ ಎರಡು ತಿಂಗಳೊಳಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡುತ್ತಾರೆ. ಲೀಟರ್‌ಗೆ 10 ಅಥವಾ ಅದಕ್ಕಿಂತ ಹೆಚ್ಚು ಯೂನಿಟ್ ಬಂದರೆ ರಕ್ಷಣೆ ಇದೆ ಎಂದರ್ಥ. ಕೂಡಿಸಿ ನೋಡಿ, ಇಷ್ಟಕ್ಕೇ ಏಳೆಂಟು ತಿಂಗಳು ಕಳೆಯಿತು. ಮಟ್ಟ ಕಡಿಮೆ ಬಂದರೆ ಮತ್ತೆ ಡೋಸ್, ಮತ್ತೆ ಪರೀಕ್ಷೆ. ನಡುವೆ ಒಂದು ಡೋಸ್ ತಡವಾದರೆ ಮೊದಲಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು.

ಚಿಕ್ಕಂದಿನಲ್ಲೇ ಹಾಕಿಸಿಕೊಂಡವರಿಗೂ ಒಂದು ಗೊಂದಲ ಕಾದಿರುತ್ತದೆ. ವರ್ಷಗಳು ಕಳೆದಂತೆ ಪ್ರತಿಕಾಯದ ಸಂಖ್ಯೆ 10ಕ್ಕಿಂತ ಕೆಳಗಿಳಿಯಬಹುದು. ಹಾಗೆಂದು ರಕ್ಷಣೆ ಹೋಯಿತು ಎಂದಲ್ಲ. ಸಾಮಾನ್ಯವಾಗಿ ಒಂದು ಡೋಸ್ ಕೊಟ್ಟು ಒಂದೆರಡು ತಿಂಗಳಿಗೆ ಮತ್ತೆ ನೋಡುತ್ತಾರೆ.

ದಡಾರ-ಮಂಗಬಾವು-ರುಬೆಲ್ಲಾ ಲಸಿಕೆಗೂ ಸಿಡುಬಿನಂತೆ ಗುಳ್ಳೆ ಏಳುವ ಚಿಕನ್‌ಪಾಕ್ಸ್ ಲಸಿಕೆಗೂ ಎರಡೆರಡು ಡೋಸ್, ನಡುವೆ ಕನಿಷ್ಠ ನಾಲ್ಕು ವಾರ. ಇವು ಜೀವಂತ ಲಸಿಕೆಗಳು, ಗರ್ಭಿಣಿಯರಿಗೆ ಕೊಡುವುದಿಲ್ಲ. ಹಲವರು ಎಡವುವುದು ಇಲ್ಲೇ: ದಡಾರದ ಲಸಿಕೆ ಹಾಕಿಸಿಕೊಂಡು ಮರುವಾರ ಕ್ಷಯದ ಚರ್ಮಪರೀಕ್ಷೆಗೆ ಹೋಗುತ್ತಾರೆ. ಆ ಲಸಿಕೆ ಚರ್ಮದ ಪ್ರತಿಕ್ರಿಯೆಯನ್ನು ತಾತ್ಕಾಲಿಕವಾಗಿ ತಗ್ಗಿಸುವುದರಿಂದ ಸೋಂಕು ಇದ್ದರೂ ಇಲ್ಲವೆಂದು ತೋರಬಹುದು. ಎರಡನ್ನೂ ಒಂದೇ ದಿನ ಮಾಡಿಸಿ, ಇಲ್ಲವೇ ನಾಲ್ಕು ವಾರ ಬಿಡಿ. ಚರ್ಮಪರೀಕ್ಷೆಯ ಫಲಿತಾಂಶವನ್ನು ಚುಚ್ಚಿದ 48ರಿಂದ 72 ಗಂಟೆಯೊಳಗೆ ಓದಿಸಬೇಕು. ಶುಕ್ರವಾರ ಚುಚ್ಚಿಸಿಕೊಂಡು ಭಾನುವಾರ ಓದುವವರಿಲ್ಲದೆ ಮತ್ತೊಮ್ಮೆ ಚುಚ್ಚಿಸಿಕೊಳ್ಳುವವರು ಎಲ್ಲೆಡೆ ಇದ್ದಾರೆ. ಪ್ರತಿ ಡೋಸ್‌ನ ದಿನಾಂಕವೂ ಕಾಗದದ ಮೇಲಿರಲಿ. ಬಾಯಿಮಾತಿಗೆ ಬೆಲೆಯಿಲ್ಲ.

ಹನಿಎಣಿಕೆ:
ಲೆಕ್ಕದವರು ಅಂದಿರಿ, ಅದು ಅನುಕೂಲವೂ ಹೌದು, ಅಪಾಯವೂ ಹೌದು. ಕೂಡಿ ಕಳೆಯುವುದರಲ್ಲಿ ನೀವು ತಪ್ಪುವುದಿಲ್ಲ. ಔಷಧದ ಲೆಕ್ಕ ತಪ್ಪುವುದು ಗಣಿತದಲ್ಲಲ್ಲ, ಅಳತೆಯ ಘಟಕದಲ್ಲಿ.

ಸೂತ್ರ ಒಂದೇ: ಬೇಕಾದ್ದನ್ನು ಕೈಯಲ್ಲಿರುವುದರಿಂದ ಭಾಗಿಸಿ, ಅದು ಎಷ್ಟು ಮಿ.ಲೀ.ನಲ್ಲಿದೆಯೋ ಅದರಿಂದ ಗುಣಿಸಿ. 12 ಕಿಲೋ ತೂಕದ ಮಗುವಿಗೆ ಕಿಲೋಗೆ 15 ಮಿ.ಗ್ರಾಂನಂತೆ ಪ್ಯಾರಾಸಿಟಮಾಲ್ ಎಂದರೆ 180 ಮಿ.ಗ್ರಾಂ. ಸಿರಪ್ 5 ಮಿ.ಲೀ.ಗೆ 120 ಮಿ.ಗ್ರಾಂ ಇದ್ದರೆ 180 ÷ 120 × 5 = 7.5 ಮಿ.ಲೀ. ಇದೇ 7.5 ಮಿ.ಲೀ.ಯನ್ನು 5 ಮಿ.ಲೀ.ಗೆ 250 ಮಿ.ಗ್ರಾಂ ಇರುವ ಬಾಟಲಿಯಿಂದ ಕೊಟ್ಟರೆ 375 ಮಿ.ಗ್ರಾಂ, ಎರಡು ಪಟ್ಟಿಗೂ ಮೀರಿತು. ಲೆಕ್ಕ ಸರಿ, ಬಾಟಲಿ ತಪ್ಪು. ತೂಕವನ್ನು ಪೌಂಡ್‌ನಲ್ಲಿ ಬರೆದದ್ದನ್ನು ಕಿಲೋ ಎಂದು ಓದಿದರೂ ಡೋಸ್ 2.2 ಪಟ್ಟು ಏರುತ್ತದೆ.

ಡ್ರಿಪ್: 1000 ಮಿ.ಲೀ. 8 ಗಂಟೆಯಲ್ಲಿ ಹೋಗಬೇಕು, ಸೆಟ್ (ಡ್ರಿಪ್ ಹರಿಯುವ ನಳಿಕೆ) ಮಿ.ಲೀ.ಗೆ 20 ಹನಿಯದು. 1000 × 20 ÷ 480 = 41.67, ಅಂದರೆ ನಿಮಿಷಕ್ಕೆ 42 ಹನಿ. ಗಂಟೆಯನ್ನು ನಿಮಿಷ ಮಾಡಲು ಮರೆಯುವುದೇ ಇಲ್ಲಿನ ಮಾಮೂಲಿ ತಪ್ಪು. 60 ಹನಿಯ ಮೈಕ್ರೋ ಸೆಟ್ ಆದರೆ ಲೆಕ್ಕವೇ ಬೇಡ, ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ.

ನೀವು ಮರೆಯಬೇಕಾದ ಅಭ್ಯಾಸ ಒಂದಿದೆ: ಎಲ್ಲವನ್ನೂ ಎರಡು ದಶಾಂಶಕ್ಕೆ ನಿಲ್ಲಿಸುವುದು. ಇಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಸಿರಿಂಜ್‌ನ ಗೆರೆ. 1 ಮಿ.ಲೀ. ಸಿರಿಂಜ್‌ನಲ್ಲಿ 0.01ರ ಗೆರೆಗಳಿರುತ್ತವೆ, 5 ಮಿ.ಲೀ.ಯದರಲ್ಲಿ ಸಾಮಾನ್ಯವಾಗಿ 0.2ರವು. ಹನಿಯನ್ನಂತೂ ಅರ್ಧ ಮಾಡಲಾಗದು. ಲೆಡ್ಜರ್‌ನಲ್ಲಿ ಅಂದವಾಗಿ ಕಾಣುವ 5.00 ಎಂಬ ಬರವಣಿಗೆಯೂ ಇಲ್ಲಿ ಕೂಡದು: ಚುಕ್ಕಿ ಮಸುಕಾದರೆ ಅದು 500. ಹಾಗೆಯೇ .5 ಎಂದು ಬರೆದರೆ 5 ಆಗಬಹುದು, 0.5 ಎಂದೇ ಬರೆಯಿರಿ. ಮೈಕ್ರೋಗ್ರಾಂ ಎಂಬುದನ್ನು ಚಿಹ್ನೆಯಲ್ಲಿ ಬರೆಯದೆ ಪೂರ್ತಿ ಬರೆಯಿರಿ, ಮಿಲಿಗ್ರಾಂ ಎಂದು ಓದಿಕೊಂಡರೆ ಸಾವಿರ ಪಟ್ಟು.

ದಿನಕ್ಕೆ ಹತ್ತು ಲೆಕ್ಕ, ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಉತ್ತರ ಸುಮಾರು ಎಷ್ಟಿರಬೇಕೆಂದು ಬಾಯಲ್ಲಿ ಹೇಳಿ. ಒಂದು ಡೋಸ್‌ಗೆ ಏಳು ಮಾತ್ರೆ ಅಥವಾ ನಾಲ್ಕು ವಯಲ್ (ಇಂಜೆಕ್ಷನ್ ಸೀಸೆ) ಬಂತೆಂದರೆ ಅಲ್ಲೇ ನಿಲ್ಲಿ, ಎಲ್ಲೋ ಎಡವಟ್ಟಾಗಿದೆ.

ಎದೆಬಡಿತ:
ವಾರ್ಡ್‌ಮೂಲೆಯವರು ಪುಸ್ತಕ ಮುಚ್ಚಿಸಿಯೇ ಬಿಟ್ಟರು. ನನ್ನ ಮಾತು: ಮುಚ್ಚಬೇಡಿ, ಪುಟ ಬದಲಿಸಿ. ಮಣಿಕಟ್ಟಿನ ಮೂಳೆಗಳನ್ನು ಆಮೇಲೆ ನೋಡಿಕೊಂಡರಾಯಿತು. ಮೊದಲು ದೇಹದ ದ್ರವ ಮತ್ತು ಲವಣ, ನಂತರ ಹೃದಯ, ಶ್ವಾಸಕೋಶ, ಮೂತ್ರಪಿಂಡ. ಈ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿವೆ. ಪೊಟ್ಯಾಸಿಯಂ ತಗೊಳ್ಳಿ: ರಕ್ತದಲ್ಲಿ ಇರಬೇಕಾದ್ದು ಲೀಟರ್‌ಗೆ ಸುಮಾರು 3.5ರಿಂದ 5 ಮಿಲಿಮೋಲ್. ಮೂತ್ರಪಿಂಡ ಕೈಕೊಟ್ಟರೆ ಏರುತ್ತದೆ, ಫ್ಯೂರೋಸಮೈಡ್‌ನಂಥ ಮೂತ್ರವರ್ಧಕ ಕೊಟ್ಟರೆ ಇಳಿಯುತ್ತದೆ, ಎರಡೂ ಕಡೆ ಹೃದಯದ ಲಯ ಕೆಡುತ್ತದೆ. ಇಷ್ಟು ಗೊತ್ತಾದರೆ ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ರಕ್ತನಾಳಕ್ಕೆ ಒತ್ತಬಾರದೆಂಬ ನಿಯಮವನ್ನು ಬಾಯಿಪಾಠ ಮಾಡಬೇಕಿಲ್ಲ. ಪ್ರತಿ ಅಧ್ಯಾಯ ಮುಗಿದಾಗ ಕೇಳಿಕೊಳ್ಳಿ: ಇದು ಕೆಟ್ಟರೆ ಹಾಸಿಗೆಯ ಪಕ್ಕ ನಿಂತವಳಿಗೆ ಏನು ಕಾಣುತ್ತದೆ?

ಮನೆಯವರ ಮೇಲೆ ಉಸಿರು ಎಣಿಸಿ ಅಭ್ಯಾಸ ಮಾಡಿ, ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20. ಎಣಿಸುತ್ತಿದ್ದೇನೆಂದು ಹೇಳಿದರೆ ಉಸಿರಾಟವೇ ಬದಲಾಗುತ್ತದೆ, ಆದ್ದರಿಂದ ನಾಡಿ ನೋಡುವವರಂತೆ ಕೈ ಹಿಡಿದೇ ಇದ್ದು ಎದೆ ನೋಡಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿಯಲ್ಲಿ ಒಂದು ಉಸಿರು ತಪ್ಪಿದರೆ ವರದಿಯಲ್ಲಿ ನಾಲ್ಕು ತಪ್ಪು. ಬಿಪಿಗೆ ಐದು ನಿಮಿಷ ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಆಸರೆಯ ಮೇಲಿರಲಿ. ತೋಳಿಗೆ ಸುತ್ತುವ ಪಟ್ಟಿ (ಕಫ್) ಚಿಕ್ಕದಾದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ.

ಸೊಂಟಜೋಪಾನ:
ರಾಜೀನಾಮೆ ಪತ್ರ ಬರೆಯುವ ಮೊದಲು ವಾರಾಂತ್ಯದಲ್ಲಿ ಆರೈಕೆ ಸಹಾಯಕರಾಗಿ ಕೆಲವು ಪಾಳಿ ಮಾಡಿ, ಅದರಲ್ಲಿ ಒಂದಾದರೂ ರಾತ್ರಿಯದಿರಲಿ. ಮಲ, ವಾಂತಿ, ಕೊಳೆತ ಗಾಯದ ವಾಸನೆ ತಡೆಯಬಲ್ಲಿರಾ ಎಂಬುದು ಪುಸ್ತಕದಿಂದ ತಿಳಿಯುವುದಿಲ್ಲ. ಕುರ್ಚಿಯ ಕೆಲಸದಿಂದ ಬಂದವರು ಮೊದಲು ಸೋಲುವುದು ಪಾದ ಮತ್ತು ಸೊಂಟದಲ್ಲಿ. ರೋಗಿಯನ್ನು ಕಂಕುಳಲ್ಲಿ ಹಿಡಿದು ಮೇಲೆಳೆಯುವುದು ಅವರ ಭುಜಕ್ಕೂ ನಿಮ್ಮ ಬೆನ್ನಿಗೂ ಕೆಡುಕು. ಹಾಸಿಗೆಯನ್ನು ಸೊಂಟದ ಮಟ್ಟಕ್ಕೆ ಏರಿಸಿ, ಜಾರುವ ಶೀಟ್ ಹಾಕಿ, ಇಬ್ಬರು ಸೇರಿ ಸರಿಸಿ. ಉಗುರು ಈಗಿನಿಂದಲೇ ಗಿಡ್ಡ ಇರಲಿ.

ಲೆಕ್ಕದವ:
ಲಸಿಕೆಯ ವಿಷಯ ತಲೆಯಲ್ಲೇ ಇರಲಿಲ್ಲ. ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವ) ತರಬೇತಿಯನ್ನೂ ಈಗಲೇ ಮುಗಿಸಿಬಿಡಲೇ?

ವಾರ್ಡ್‌ಮೂಲೆ:
ಅದೊಂದನ್ನು ತಡಮಾಡಿ. ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ, ಸಾಮಾನ್ಯವಾಗಿ ಎರಡು ವರ್ಷ. ಈಗ ಮಾಡಿದರೆ ಹತ್ತು ತಿಂಗಳು ಸುಮ್ಮನೆ ಸವೆಯುತ್ತದೆ. ಕೈಯ ಕೌಶಲವಂತೂ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಒಂಬತ್ತನೇ ತಿಂಗಳಿಗೆ ಇಟ್ಟುಕೊಳ್ಳಿ. ವಯಸ್ಕರಿಗೆ ನಿಮಿಷಕ್ಕೆ 100ರಿಂದ 120 ಒತ್ತು, 5ರಿಂದ 6 ಸೆಂ.ಮೀ. ಆಳ, 30 ಒತ್ತಿಗೆ 2 ಉಸಿರು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಹೊಸಬರು ಆಳದ ಮೇಲೇ ಗಮನವಿಟ್ಟು ಇದನ್ನು ಮರೆಯುತ್ತಾರೆ. ಯಾವ ತರಬೇತಿಯನ್ನು ಒಪ್ಪುತ್ತಾರೆಂದು ಕಾಲೇಜನ್ನು ಮೊದಲೇ ಕೇಳಿ. ಬೊಂಬೆಯ ಮೇಲೆ ಕೈಯಿಡದೆ ಬರೀ ಆನ್‌ಲೈನ್‌ನಲ್ಲಿ ಪಡೆದ ಪತ್ರವನ್ನು ಎಷ್ಟೋ ಕಡೆ ವಾಪಸ್ ಕಳಿಸುತ್ತಾರೆ.