ಅಪ್‌ಡೇಟ್: ಅಪ್ಪನ ಟ್ರಂಕಿನ ಕಾಗದಗಳು

ಬಾಗಲಕೋಟೆಯ ಮನೆಯಲ್ಲಿ ಅಪ್ಪ ಟ್ರಂಕಿಗೆ ತುರುಕಿಟ್ಟ ಕಾಗದಗಳಲ್ಲಿ ಐಟಿ ರಿಟರ್ನ್ಸಿಗೆ ಯಾವುದು ಬೇಕು ಅಂತ ಇಲ್ಲಿ ಕೇಳಿದ್ದೆ, ಅಲ್ವಾ? ಕೆಲಸ ಮುಗೀತು.

ನೀವು ಹೇಳಿದಂತೆ ಮೊದಲು ಆದಾಯ ತೆರಿಗೆ ಪೋರ್ಟಲ್‌ನಿಂದ ಎಐಎಸ್ (ವರ್ಷದ ಆದಾಯ, ತೆರಿಗೆ ವಿವರದ ಪಟ್ಟಿ) ಇಳಿಸಿಕೊಂಡೆ. ಪಿಂಚಣಿ, ಎಫ್‌ಡಿ ಬಡ್ಡಿ, ಮೊದಲೇ ಮುರಿದುಕೊಂಡ ತೆರಿಗೆ (ಟಿಡಿಎಸ್) ಎಲ್ಲಾ ಅದರಲ್ಲೇ ಇತ್ತು. ಸುಮ್ನೆ ಟ್ರಂಕು ತಡಕಾಡೋದು ತಪ್ಪಿತು. ಅಪ್ಪ ಹಳೇ ತೆರಿಗೆ ಪದ್ಧತಿಯನ್ನೇ ಆರಿಸಿಕೊಂಡವರು, ಹಾಗಾಗಿ 80ಸಿ (ಉಳಿತಾಯ, ಹೂಡಿಕೆ), 80ಡಿ (ಆರೋಗ್ಯ ವಿಮೆ) ಕಡಿತಗಳ ರಸೀದಿ ಬೇಕೇ ಬೇಕು. ಆರೋಗ್ಯ ವಿಮೆಯ ಕಂತು ನಗದಿನಲ್ಲಿ ಕಟ್ಟಿದ್ದರೆ 80ಡಿ ಸಿಗಲ್ಲ. ಪುಣ್ಯಕ್ಕೆ ಚೆಕ್ ಕೊಟ್ಟಿದ್ದರು. ಬಡ್ಡಿಗೆ, ಹಿರಿಯ ನಾಗರಿಕರಿಗಿರೋ 80ಟಿಟಿಬಿಯಲ್ಲಿ 50,000 ರೂಪಾಯಿವರೆಗೆ ಕಡಿತ ಸಿಕ್ಕಿದ್ದು ಅವರಿಗೆ ಜಾಸ್ತಿ ಖುಷಿ.

ಆಲಮಟ್ಟಿ ಅಣೆಕಟ್ಟಿನ ಮುಳುಗಡೆ ಕಾಲದ ಹಳದಿಗಟ್ಟಿದ ಪರಿಹಾರದ ಪತ್ರ, ನವನಗರದ ಸೈಟಿನ ಕಾಗದ ಬೇರೆ ಫೈಲಿಗೆ ಹೋದವು. ಅವನ್ನು ಮುಟ್ಟೋಕೆ ಅಪ್ಪ ಯಾರನ್ನೂ ಬಿಡಲ್ಲ ಬಿಡಿ.

ಆಧಾರ್ ಓಟಿಪಿಯಿಂದ ಇ-ವೆರಿಫೈ (ರಿಟರ್ನ್ಸಿನ ಆನ್‌ಲೈನ್ ದೃಢೀಕರಣ) ಕೂಡ ಆಯ್ತು. ರಿಟರ್ನ್ಸ್ ಸಲ್ಲಿಸಿದ ಮೇಲೆ ಅದಕ್ಕೆ 30 ದಿನವಷ್ಟೇ ಗಡುವು, ಬಾಕಿ ಇದ್ದವರು ನೋಡಿಕೊಳ್ಳಿ.