ಮಗನಿಗೆ ಈಗಲೇ ಸುನ್ನತ್ ಮಾಡಿಸಬೇಕಾ? ನನಗೆ ಧೈರ್ಯ ಬರುತ್ತಿಲ್ಲ

ನಾಪೋಕ್ಲು ಉಮ್ಮ

ಎಲ್ಲರಿಗೂ ಸಲಾಂ, ನಮಸ್ಕಾರ. ನಮ್ಮದು ನಾಪೋಕ್ಲು ಹತ್ತಿರ. ಮೊದಲನೇ ಮಗು, ಗಂಡು, ಇವತ್ತಿಗೆ 11 ದಿನ. ಏಳನೇ ದಿನ ತಲೆಕೂದಲು ತೆಗೆಸಿ ಹೆಸರಿಟ್ಟು, ಮಗುವಿನ ಹೆಸರಿನಲ್ಲಿ ಆಡು ಕೊಯ್ಯುವ ಅಕೀಕ ಮುಗಿಸಿದೆವು. ಈಗ ಅತ್ತೆ, "40 ದಿನ ಹೇಗೂ ಮನೆಯಲ್ಲೇ ಇರುತ್ತೀಯಲ್ಲ, ಸುನ್ನತ್ತೂ ಆಗಿಬಿಡಲಿ" ಎನ್ನುತ್ತಿದ್ದಾರೆ. ಗಂಡನಿಗೂ ಅದೇ ಸರಿ ಅನಿಸಿದೆ. ಮಗುವಿಗೆ ಏನೂ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಲಸಿಕೆ ಹಾಕಿದಾಗ ಅವನು ಕೆಂಪಾಗಿ ಉಸಿರು ಕಟ್ಟಿ ಅತ್ತದ್ದನ್ನು ನೋಡಿದವಳು ನಾನು, ಹೇಗೆ ನಂಬಲಿ?

ಇನ್ನೊಂದು ಭಯ ಇದೆ. ನಮ್ಮ ಇಕ್ಕನಿಗೆ, ಅಂದರೆ ಅಣ್ಣನಿಗೆ, ಆರು ವರ್ಷದಲ್ಲಿ ಸುನ್ನತ್ ಮಾಡುವ ಒಸ್ಸಾನ್ ಮನೆಗೇ ಬಂದು ಮಾಡಿದ್ದರು. ಆಗ ನನಗೆ ನಾಲ್ಕು ವರ್ಷ. ಬಿರಿಯಾನಿ, ಹೊಸ ಬಿಳಿ ಮುಂಡು, ನೆಂಟರು, ಎಲ್ಲಾ ಇತ್ತು. ಮಾರನೇ ದಿನವೂ ಆ ಮುಂಡಿನ ಮೇಲೆ ಹೊಸ ರಕ್ತ ಇತ್ತು. ಕೊನೆಗೆ ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದರು. ಉಮ್ಮ ಹಾದಿಯುದ್ದಕ್ಕೂ ಅವನ ಕಾಲು ಹಿಡಿದುಕೊಂಡು ಕೂತಿದ್ದರಂತೆ.

ಮೇಲಿಂದ ಈ ಮಳೆ. ಮಗುವಿನ ಬಟ್ಟೆಯೇ ಒಣಗುವುದಿಲ್ಲ, ಕೆಂಡದ ಮೇಲೆ ಬುಟ್ಟಿ ಕವುಚಿ ಒಣಗಿಸುತ್ತಿದ್ದೇವೆ. ಈಗ ಮಾಡಿಸಬೇಕಾ, ಕಾಯಬೇಕಾ, ಅಥವಾ ಅವನೇ ದೊಡ್ಡವನಾಗಿ ಹೇಳಲಿ ಎಂದು ಬಿಡಬಹುದಾ? ಬೈಯಬೇಡಿ, ನಿಜವಾಗಿ ಕೇಳುತ್ತಿದ್ದೇನೆ.

ಸಿದ್ದಾಪುರದ ಇತ್ತಾತ

ಯಾಕಮ್ಮ ಬೈಯುವುದು, ತಾಯಿ ಅಲ್ವಾ ನೀನು. ನನಗೆ ಮೂವರು ಗಂಡುಮಕ್ಕಳು. ದೊಡ್ಡವನಿಗೆ ಏಳು ವರ್ಷದಲ್ಲಿ ಬೇಸಿಗೆ ರಜೆಯಲ್ಲಿ ಮಾಡಿಸಿದೆವು. ಹೊದಿಕೆ ತಾಗಬಾರದು ಎಂದು ಮಾಡಿನಿಂದ ಹಗ್ಗ ಇಳಿಸಿ ಬಟ್ಟೆ ಕಟ್ಟಿದ್ದೆವು, ಅವನು ಹತ್ತು ದಿನ ಅದರ ಕೆಳಗೇ ಮಲಗಿದ್ದ, ಮೂತ್ರಕ್ಕೆ ಹೋಗಲು ಹೆದರಿ ನೀರೇ ಕುಡಿಯುತ್ತಿರಲಿಲ್ಲ. ಕೊನೆಯವನಿಗೆ 20ನೇ ದಿನ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ರಿಂಗ್ ಹಾಕಿದರು. ಎಂಟನೇ ದಿನ ಅದು ತಾನಾಗಿ ಉದುರಿತು. ಅದಕ್ಕೇ ಚಿಕ್ಕದರಲ್ಲೇ ಒಳ್ಳೆಯದು ಅಂತ ನನ್ನ ಅನುಭವ.

ಆದರೆ ದೀನಿನ, ಧರ್ಮದ ಹೆಸರಿನಲ್ಲಿ ಅವಸರ ಬೇಡ. ನಮ್ಮ ಶಾಫಿ ಮದ್‌ಹಬ್‌ನಲ್ಲಿ (ಪಂಥದಲ್ಲಿ) ಸುನ್ನತ್ ವಾಜಿಬ್, ಅಂದರೆ ಕಡ್ಡಾಯ, ಹೌದು. ಅದು ಕಡ್ಡಾಯ ಆಗುವುದು ಪ್ರಾಯಕ್ಕೆ ಬಂದ ಮೇಲೆ. ಏಳನೇ ದಿನ ಉತ್ತಮ ಅಷ್ಟೇ. ಮಗು ಬಲಹೀನ ಇದ್ದರೆ ತಡೆದು ಮಾಡಬೇಕು ಎಂದೇ ಹೇಳಿದ್ದಾರೆ. ಅತ್ತೆಯವರಿಗೆ ಉಸ್ತಾದರ ಬಾಯಿಂದಲೇ ಹೇಳಿಸು.

ಸೋಮವಾರಪೇಟೆ ಅಪ್ಪ

ನಮ್ಮಲ್ಲಿ ಈ ಪದ್ಧತಿ ಇಲ್ಲ, ಆದರೂ ಈ ವಿಷಯ ನಮ್ಮ ಮನೆಗೂ ಬಂತು. ಮಗನಿಗೆ ಮೂರು ವರ್ಷ ಇದ್ದಾಗ ಮುಂದೊಗಲು ಹಿಂದೆ ಸರಿಯುತ್ತಿಲ್ಲ, ಮೂತ್ರ ಮಾಡುವಾಗ ಬಲೂನಿನಂತೆ ಉಬ್ಬುತ್ತದೆ, ಕತ್ತರಿಸಬೇಕು ಎಂದರು ಒಬ್ಬ ಡಾಕ್ಟರು. ಮೈಸೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿದೆವು. ಹುಟ್ಟಿದಾಗ ಹೆಚ್ಚುಕಡಿಮೆ ಎಲ್ಲಾ ಗಂಡುಮಕ್ಕಳಿಗೂ ಅದು ಅಂಟಿಕೊಂಡೇ ಇರುತ್ತದೆ, ವರ್ಷ ಕಳೆದಂತೆ ಬಿಡುತ್ತದೆ, ಬಲವಂತವಾಗಿ ಎಳೆಯಬೇಡಿ ಎಂದರು. ಹಚ್ಚಲು ಒಂದು ಮುಲಾಮು ಕೊಟ್ಟರು. ಈಗ ಆರು ವರ್ಷ, ಏನೂ ತೊಂದರೆ ಇಲ್ಲ. ನಿಮ್ಮ ನಂಬಿಕೆಯ ಬಗ್ಗೆ ನಾನು ಮಾತಾಡುವುದಿಲ್ಲ. ಆರೋಗ್ಯಕ್ಕೆ ಈಗಲೇ ಬೇಕು ಎಂದು ಯಾರಾದರೂ ಹೇಳಿದರೆ ಮಾತ್ರ ಎರಡನೇ ಡಾಕ್ಟರನ್ನು ಕೇಳಿ.

ಕುಶಾಲನಗರ ಹುಡುಗ

ಆರೋಗ್ಯಕ್ಕೂ ಒಳ್ಳೆಯದು ಅಲ್ವಾ? ಎಚ್‌ಐವಿ 60 ಪರ್ಸೆಂಟ್ ಕಡಿಮೆ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಸುಂಟಿಕೊಪ್ಪ ಸಿಸ್ಟರ್

ತಮ್ಮ, ಅದು ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾದಲ್ಲಿ ದೊಡ್ಡ ಗಂಡಸರ ಮೇಲೆ ನಡೆದ ಪರೀಕ್ಷೆಗಳ ಲೆಕ್ಕ. 2007ರ ಆ ಸಲಹೆಯೂ ಎಚ್‌ಐವಿ ತುಂಬಾ ಇರುವ ದೇಶಗಳಿಗೆ. ಹಸುಗೂಸುಗಳಿಗೆ ಮೂತ್ರದ ಸೋಂಕು ಸ್ವಲ್ಪ ಕಡಿಮೆ ಆಗುವುದು ನಿಜ. ಅಮೆರಿಕದ ಮಕ್ಕಳ ತಜ್ಞರ ಸಂಘ 2012ರಲ್ಲಿ ಲಾಭವೇ ಜಾಸ್ತಿ ಎಂದಿತು, ಆದರೂ ಎಲ್ಲರಿಗೂ ಮಾಡಿಸಿ ಎನ್ನಲಿಲ್ಲ, ತಂದೆತಾಯಿಗೆ ಬಿಟ್ಟಿತು.

ಈಗ ತಂಗಿ, ನಿಮ್ಮ ಇಕ್ಕನ ಕಥೆ ಓದಿ ನಾನು ಅಲ್ಲೇ ನಿಂತೆ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಮಾರನೇ ದಿನವೂ ರಕ್ತ ಒಸರುವುದು ಮಾಮೂಲಿ ಅಲ್ಲ. ಒಸ್ಸಾನ್ ಕೈ ತಪ್ಪಿರಬಹುದು. ಆದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ಇದ್ದರೂ ಹೀಗೇ ಆಗುತ್ತದೆ. ಅದು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ, ಕಾಣಿಸುವುದು ಹೆಚ್ಚಾಗಿ ಗಂಡುಮಕ್ಕಳಲ್ಲಿ. ತಾಯಿ ಎಷ್ಟೋ ಸಲ ಚೆನ್ನಾಗಿಯೇ ಇರುತ್ತಾಳೆ. ಅವಳಲ್ಲಿ ಆ ದೋಷ ಇದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಕ್ಕನಿಗಿದ್ದರೆ ನಿಮ್ಮಲ್ಲೂ ಇರಬಹುದು, ನಿಮ್ಮಿಂದ ಮಗನಿಗೂ.

ಹಾಗಾಗಿ ಮೊದಲು ಇಕ್ಕನನ್ನು ಕೇಳಿ. ಹಲ್ಲು ಕೀಳಿಸಿದಾಗ ಏನಾಯಿತು, ಬಿದ್ದಾಗ ಮಂಡಿ ಊದುತ್ತಿತ್ತಾ, ಸುಮ್ನೆ ತಾಗಿದರೂ ಮೈ ನೀಲಿಗಟ್ಟುತ್ತಿತ್ತಾ. ಅವರ ರಕ್ತ ಪರೀಕ್ಷೆ ಮೊದಲು ಆದರೆ ಮಗುವಿಗೆ ಏನು ನೋಡಬೇಕು ಎನ್ನುವುದು ಗೊತ್ತಾಗುತ್ತದೆ. ರಕ್ತ ಹೆಪ್ಪುಗಟ್ಟುವ ಹೊತ್ತು ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳು ಸರಿ ಇದ್ದರೂ, ರಕ್ತ ಹೆಪ್ಪುಗಟ್ಟಿಸುವ ಅಂಶಗಳಾದ ಫ್ಯಾಕ್ಟರ್ 8 ಮತ್ತು 9 ನೋಡಿಸುವುದು ಬಿಡಬೇಡಿ, ರೋಗ ಸೌಮ್ಯವಾಗಿದ್ದರೆ ಎಪಿಟಿಟಿಯಲ್ಲಿ ತಪ್ಪಿಹೋಗಬಹುದು. ಫ್ಯಾಕ್ಟರ್ 9 ಹಸುಗೂಸುಗಳಲ್ಲಿ ಹುಟ್ಟಾ ಕಡಿಮೆ, ಆರು ತಿಂಗಳ ನಂತರ ಮತ್ತೆ ನೋಡಬೇಕಾಗಬಹುದು. ಇದು ಗೊತ್ತಾಗುವವರೆಗೆ ಯಾರೂ ಮಗುವಿಗೆ ಬ್ಲೇಡ್ ತಾಗಿಸಬಾರದು. ದಯವಿಟ್ಟು.

ರಿಪೋರ್ಟ್ ಸರಿ ಬಂದು ನೀವು ಮಾಡಿಸುವುದಾದರೆ ಆಸ್ಪತ್ರೆಯಲ್ಲೇ ಮಾಡಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡಬೇಕು ಎಂದು ಬಾಯಿಬಿಟ್ಟು ಕೇಳಿ. ಹಸುಗೂಸಿಗೆ ನೋವು ಗೊತ್ತಾಗುವುದಿಲ್ಲ ಎನ್ನುವುದು ಸುಳ್ಳು. ಹುಟ್ಟಿದಾಗ ವಿಟಮಿನ್ ಕೆ ಕೊಟ್ಟಿದ್ದಾರಾ ನೋಡಿ. ಮೂತ್ರದ ತೂತು ತುದಿಯಲ್ಲೇ ಇದೆಯಾ ಎಂದು ಡಾಕ್ಟರು ನೋಡಲಿ. ಕೆಳಗಿದ್ದರೆ ಮುಂದೆ ಅದನ್ನು ಸರಿ ಮಾಡಲು ಆ ಚರ್ಮವೇ ಬೇಕು. ತಡವಾದರೆ ಒಂದು ಕಷ್ಟ ಇದೆ, ಕೆಲವು ತಿಂಗಳಾದ ಮೇಲೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕಾಗುತ್ತದೆ. ಆದರೂ ನಿಲ್ಲದ ರಕ್ತದ ಮುಂದೆ ಅದು ದೊಡ್ಡದಲ್ಲ.

ನಾಪೋಕ್ಲು ಉಮ್ಮ

ಸಿಸ್ಟರ್, ನಿಮ್ಮ ಉತ್ತರ ಓದಿ ರಾತ್ರಿಯೇ ಇಕ್ಕನಿಗೆ ಫೋನ್ ಮಾಡಿದೆ. ಎರಡು ವರ್ಷದ ಹಿಂದೆ ದವಡೆ ಹಲ್ಲು ಕೀಳಿಸಿದಾಗ ಮೂರು ದಿನ ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದನಂತೆ. ಯಾರಿಗೂ ಹೇಳಿರಲಿಲ್ಲ. ಉಮ್ಮ ಪಕ್ಕದಲ್ಲೇ ಇದ್ದರು, ನನ್ನ ತಮ್ಮನೊಬ್ಬ ಹಸುಗೂಸಾಗಿದ್ದಾಗಲೇ ರಕ್ತ ಹೋಗಿ ತೀರಿಕೊಂಡಿದ್ದ ಎಂದು ಈಗ ಹೇಳುತ್ತಿದ್ದಾರೆ. ಇಷ್ಟು ವರ್ಷ ಅದನ್ನು ದೃಷ್ಟಿ ಎಂದುಕೊಂಡಿದ್ದರು.

ಅತ್ತೆಗೆ ಎಲ್ಲಾ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಗಂಡನಿಗೆ, "ಗುರುವಾರ ಗಾಡಿಗೆ ಹೇಳು" ಎಂದರು. ಇಕ್ಕನೂ ಬರುತ್ತಾನೆ, ಮೈಸೂರಿಗೆ ಹೋಗುತ್ತಿದ್ದೇವೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.