ಕಾಸರಗೋಡಿನ ಕನ್ನಡ ಅರ್ಜಿಗಳಲ್ಲಿ ‘ಆಧಾರ’, ‘ಅಪೇಕ್ಷೆ’, ‘ಪೋಕ್ಕುವರವು’

ಎಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯಲ್ಲಿರುವ ನಮ್ಮ ಬಂಧುವೊಬ್ಬರಿಗೆ ಜಮೀನಿನ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಡುವಾಗ ಎದ್ದ ಪ್ರಶ್ನೆಗಳು ಇವು. ಕಾಸರಗೋಡು, ಮಂಜೇಶ್ವರದ ಕಡೆಯವರು, ಅದರಲ್ಲೂ ದಸ್ತಾವೇಜು ಬರೆದು ರೂಢಿಯಿರುವವರು ದಯವಿಟ್ಟು ಉತ್ತರಿಸಬೇಕು.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಅಹವಾಲನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲೇ ಇದೆ. ಹಕ್ಕಿನ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಕಡತ ಮಲಯಾಳದಲ್ಲಿ ಸಾಗುತ್ತದೆ, ಕನ್ನಡದ ಅರ್ಜಿ ಆ ಕಡತದೊಳಗೆ ಸೇರಬೇಕು. ಪದಗಳು ಎಡವುವುದು ಅಲ್ಲಿ.

ಮೊದಲು ‘ಆಧಾರ’. ಮಲಯಾಳದಲ್ಲಿ ಆಧಾರಂ ಎಂದರೆ ನೋಂದಣಿಯಾದ ಜಮೀನಿನ ಪತ್ರ, ನಮ್ಮ ಕ್ರಯಪತ್ರದಂಥದ್ದು. ಅರ್ಜಿಯ ಜತೆ ‘ಆಧಾರದ ನಕಲು’ ಲಗತ್ತಿಸಿ ಎಂದು ಬರೆದಿತ್ತು. ಬಂಧುಗಳು ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಹಿಡಿದು ಹೋದರು. ಗುಮಾಸ್ತರು ಮರ್ಯಾದೆಯಿಂದಲೇ ಮಾತನಾಡಿಸಿ, ‘ಇದಲ್ಲ, ಜಾಗದ ಆಧಾರ’ ಎಂದು ವಾಪಸ್ ಕಳುಹಿಸಿದರು. ಎಪ್ಪತ್ತು ದಾಟಿದ ಹಿರಿಯರು ಎರಡು ಬಸ್ ಬದಲಾಯಿಸಿ ಮತ್ತೆ ಬರಬೇಕಾಯಿತು. ಹಾಗಾಗಿ ನಾನು ‘ಜಾಗದ ಕ್ರಯಪತ್ರ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ದಾನ, ಪಾಲುಪಟ್ಟಿ ಮೊದಲಾದ ಎಲ್ಲ ಬಗೆಯ ಪತ್ರಗಳಿಗೂ ಹೊಂದುವ ಒಂದೇ ಪದ ಬೇಕೆಂದರೆ ‘ದಸ್ತಾವೇಜು’ ಆದೀತೇ?

‘ಅಪೇಕ್ಷೆ’ಯ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಮಲಯಾಳದಲ್ಲಿ ಅದು ಅರ್ಜಿ, ಅಪೇಕ್ಷಕನೆಂದರೆ ಅರ್ಜಿದಾರ. ಕನ್ನಡದಲ್ಲಿ ಅಪೇಕ್ಷೆ ಎಂದರೆ ಬಯಕೆ. ‘ನಿಮ್ಮ ಅಪೇಕ್ಷೆಯನ್ನು ತಿರಸ್ಕರಿಸಲಾಗಿದೆ’ ಎಂಬ ಉತ್ತರ ಓದಿದವರಿಗೆ, ಕೇಳಬಾರದ್ದನ್ನು ಆಸೆಪಟ್ಟು ಕೇಳಿದೆವೇನೋ ಎನಿಸುತ್ತದೆ. ಕಾನೂನಿನಂತೆ ಸಲ್ಲಬೇಕಾದದ್ದನ್ನು ಕೇಳುವ ಕಾಗದ ಅರ್ಜಿಯೇ ಆಗಿರಬೇಕು. ಅರ್ಜಿ ಎಂಬ ಪದ ಅಲ್ಲಿನ ಕನ್ನಡಿಗರಿಗೂ ಚಿರಪರಿಚಿತ, ಬೇರೆ ಪದ ಹುಡುಕುವ ಅಗತ್ಯವೇ ಇಲ್ಲ.

‘ಪೋಕ್ಕುವರವು’ ಹಾಗಲ್ಲ. ಕರ್ನಾಟಕದಲ್ಲಿ ಖಾತೆ ಬದಲಾವಣೆ ಎನ್ನುತ್ತೇವಲ್ಲ, ಅದೇ ಕೆಲಸ: ಜಮೀನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ದಾಖಲೆಯಲ್ಲಿ ಹೋಗುವುದು. ಹೋಕು ಮತ್ತು ಬರವು. ಕನ್ನಡದ ಕಿವಿಗೂ ಅರ್ಥ ಹೊಳೆಯುತ್ತದೆ. ಆದರೂ ನಾನು ಅದನ್ನು ಅನುವಾದಿಸದೆ ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆದೆ, ಜಮೀನಿನ ಒಡೆಯರ ಹೆಸರಿಗೆ ಕಂದಾಯ ದಾಖಲೆಯಲ್ಲಿರುವ ಖಾತೆಯ ಸಂಖ್ಯೆಯಾದ ‘ತಂಡಪ್ಪೇರ್’ ಸಂಖ್ಯೆಯನ್ನೂ ಹಾಗೆಯೇ ಇಟ್ಟೆ. ವಿಲೇಜ್ ಆಫೀಸಿನ ದಾಖಲೆಯಲ್ಲಿರುವ ಹೆಸರು ಅದು. ‘ಖಾತೆ ಸಂಖ್ಯೆ’ ಎಂದು ಬರೆದರೆ ಬ್ಯಾಂಕಿನದೋ ಎಂದು ಕೇಳುವವರಿದ್ದಾರೆ. ಪ್ರಜೆ ನಾಳೆ ತನ್ನ ಕಾಗದವನ್ನು ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಬೇಕಾದವನು. ಅವನ ಕೈಯಿಂದ ಆ ಎಳೆ ತಪ್ಪಬಾರದು.

ಇನ್ನು ‘ಪರಾತಿ’, ಮಲಯಾಳದಲ್ಲಿ ದೂರಿಗೆ ಬಳಸುವ ಪದ. ಅಲ್ಲಿ ಜಿಲ್ಲಾ ಮಟ್ಟದಲ್ಲಿ ಪರಾತಿ ಪರಿಹಾರ ಅದಾಲತ್‌ಗಳು ನಡೆಯುತ್ತವೆ. ‘ದೂರು’ ಎಂದರೆ ಸಾಕೇ? ದೂರಿಗೆ ಒಬ್ಬ ತಪ್ಪಿತಸ್ಥ ಬೇಕು. ನಮ್ಮವರ ಕಡತ ತಡವಾಗಿತ್ತಷ್ಟೆ, ಯಾರ ಮೇಲೂ ಆರೋಪವಿರಲಿಲ್ಲ. ನನಗೆ ‘ಅಹವಾಲು’ ಸರಿಯೆನಿಸುತ್ತದೆ, ಆದರೆ ಅಲ್ಲಿನ ಕನ್ನಡ ಪತ್ರಿಕೆಗಳ ರೂಢಿ ಯಾವುದೆಂದು ಬಲ್ಲವರು ಹೇಳಬೇಕು.

ಕೊನೆಯ ಕೋರಿಕೆ. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಆ ಕಾಲದ ಕನ್ನಡ ಗೇಣಿಚೀಟು, ಕ್ರಯಚೀಟು, ತೀರ್ವೆ (ಭೂಕಂದಾಯ) ರಸೀದಿಗಳು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಹೆಸರು ಬದಲಾವಣೆಗೆ ಅಲ್ಲಿ ಯಾವ ಪದವಿದೆ ನೋಡಿ ತಿಳಿಸಿ. ಹೆಸರು, ಸರ್ವೆ ನಂಬರು ಬಿಟ್ಟು ಆ ಒಂದು ಸಾಲನ್ನಷ್ಟೇ ಟೈಪ್ ಮಾಡಿ ಕಳುಹಿಸಿದರೂ ಸಾಕು, ವರ್ಷ ಮಾತ್ರ ತಪ್ಪದೆ ಬರೆಯಿರಿ.